ಮೊಳೆಗೆ ತೂಗುಹಾಕಿದ ರಟ್ಟು

ಕೌಲ್ ಬಜಾರಿಗೆ ಹನ್ನೊಂದಕ್ಕೆ ಕರೆಂಟು ಬಂತು.
ಉಳಿದ ಡೆನಿಮ್ ಚೂರು ಗೋಣಿಗೆ ತುಂಬಿ
ಕೈ ತೊಳೆದರೂ ಉಗುರಿನ ಸಂದಿಯಲ್ಲಿ ನೀಲಿ.
ಅದೇ ಬೆರಳಿನಿಂದ ಕಂಪ್ಯೂಟರು ಚಾಲೂ ಮಾಡಿದೆ.

ಎಂಟು ತಿಂಗಳಿಂದ ಒಂದು ಹೊಲಿಗೆ ಯಂತ್ರ ಮಾಡುತ್ತಿದ್ದೇನೆ,
ತೆರೆಯ ಮೇಲೆ. ಅದು ಹೊಲಿಯುವುದಿಲ್ಲ.
ಕಾಲಲ್ಲಿ ತುಳಿಯುವ ಹಳೆಯ ಮಾದರಿ,
ಗಾಲಿ, ಬೆಲ್ಟು, ಸೂಜಿಯ ಕಣ್ಣು ಕೂಡ.
'ಇದರಿಂದ ಏನು ಬರ್ತೈತಿ?' ಅಂತಾಳೆ ರಖುಮಾ.
ಏನೂ ಬರುವುದಿಲ್ಲ.
ಹಗಲೆಲ್ಲ ಬರುವುದನ್ನೇ ಮಾಡುತ್ತೇನಲ್ಲ.

ಯಂತ್ರ ಒಂದೇ, ಬಣ್ಣ ಹಚ್ಚಿದ್ದು ಆರು:
ಕಪ್ಪು, ಹಸಿರು, ತುಕ್ಕು ಹಿಡಿದದ್ದು,
ಯಾರೋ ಸ್ಟಿಕ್ಕರು ಕೀಳಲು ಹೋಗಿ ಅರ್ಧ ಬಿಟ್ಟದ್ದು.
ಉಳಿಸಿದಷ್ಟು ಸಲವೂ ಫೈಲಿನ ಹೊಟ್ಟೆಯಲ್ಲಿ
ಇಡೀ ಯಂತ್ರ ಮತ್ತೆ ಹೋಗಿ ಕೂತಿತ್ತು.
ಡಿಸ್ಕು ಏದುಸಿರು ಬಿಡುತ್ತಿತ್ತು.

ನೋಟ್‌ಪ್ಯಾಡಿನಲ್ಲಿ ಬಿಚ್ಚಿದೆ, ಪ್ಯಾಂಟು ಬಿಚ್ಚಿ
ಒಳಮಗ್ಗುಲು ಹೊರಗೆ ಹಾಕಿದಂತೆ.
ಮೇಲೆ ಹೆಸರು, ನಿಲ್ಲುವ ಜಾಗ.
ಆಮೇಲೆ ಬರೀ ಬಿಂದು,
ಮೂರು ಮೂರು ಅಂಕಿ, ಹತ್ತೊಂಬತ್ತು ಸಾವಿರ ಸಾಲು:
ಇಷ್ಟು ಅಡ್ಡ, ಇಷ್ಟು ಮೇಲೆ, ಇಷ್ಟು ಆಳ.
ಕೊನೆಗೆ ಮುಖಗಳು:
ಹನ್ನೆರಡನೆಯವನೇ, ಹದಿಮೂರನೆಯವನೇ, ನಲವತ್ತನೆಯವನೇ,
ಕೈ ಹಿಡಕೊಳ್ಳಿ ಎಂದು ಹಾಜರಿ ಕೂಗಿದ ಹಾಗೆ.
ಒಬ್ಬನನ್ನು ಅಳಿಸಿದೆ, ಏನಾಗುತ್ತದೋ ನೋಡೋಣವೆಂದು.
ಹಿಂದಿದ್ದವರೆಲ್ಲ ಒಂದೊಂದು ಹೆಜ್ಜೆ ಮುಂದೆ ಸರಿದರು.
ಗಾಲಿ ಹರಿದು ಸೂಜಿಗೆ ಸಿಕ್ಕಿಕೊಂಡಿತು.
ಗಾಬರಿಯಾಗಿ ಅವನನ್ನು ವಾಪಸು ಕರೆದೆ.

ಯೂನಿಟ್ಟಿನಲ್ಲಿ ನನ್ನ ತಲೆಯ ಮೇಲೊಂದು ಮೊಳೆ.
ಮೂವತ್ತೆರಡರ ಸೊಂಟ, ಎಡಗಾಲು, ಬಲಗಾಲು
ಕಂದು ರಟ್ಟಿನಲ್ಲಿ ಕೊರೆದು ತೂಗುಹಾಕಿದ್ದೇನೆ.
ಅದಕ್ಕೆ ಬಣ್ಣವಿಲ್ಲ, ಬೆಲೆಚೀಟಿಯಿಲ್ಲ,
ತೊಟ್ಟು ಯಾರೂ ಮದುವೆಗೆ ಹೋಗಿಲ್ಲ.
ಹೋದ ಪ್ಯಾಂಟುಗಳು, ಕಲ್ಲಿನಲ್ಲಿ ಉಜ್ಜಿಸಿಕೊಂಡವು,
ಫ್ಯಾಷನ್ನಿಗೆ ಮಂಡಿ ಹರಿಸಿಕೊಂಡವು,
ಎಲ್ಲವೂ ಅದರ ಅಂಚು ಸವರಿಯೇ ಹೋದವು.
ಸಾವಿರ ಪ್ಯಾಂಟಿನ ಜೇಬಿಗೆ
ಸಾವಿರ ರಟ್ಟು ತುರುಕಿ ಯಾರಾದರೂ ಕಳಿಸುತ್ತಾರೇನು?

ಮೊದಲ ಬಿಂದುವಿನಿಂದ ಕೊನೆಯ ಮುಖದವರೆಗೆ
ಎಳೆದೆ. ನೀಲಿ ಹರಡಿತು. ಕತ್ತರಿಸಿದೆ.
ಬೇರೆ ಫೈಲಿನಲ್ಲಿ ಅಂಟಿಸಿ
ಜಿಯೋಮೆಟ್ರಿ ಅನ್ನುವ ಫೋಲ್ಡರಿನಲ್ಲಿ ಇಟ್ಟೆ.
ಖಾಲಿಯಾದಲ್ಲಿ ಒಂದೇ ಸಾಲು:
ಒಡಲು ಇಂಥಲ್ಲಿದೆ, ಹೋಗಿ ತಗೋ.
ಆರು ಯಂತ್ರ ಆರು ಚೀಟಿಯಾದವು.
ಡಿಸ್ಕು ಮೈ ಸಡಿಲಿಸಿತು.

ಪೆನ್‌ಡ್ರೈವಿನಲ್ಲಿ ಎರಡನ್ನೂ ಹಾಕಿ ಜಿಲಾನಿಗೆ ಕೊಟ್ಟೆ.
ತೋರಣಗಲ್ಲಿನ ವೇಬ್ರಿಡ್ಜಿನಲ್ಲಿ ಅವನಿಗೆ ರಾತ್ರಿ ಪಾಳಿ,
ಲಾರಿ ಲಾರಿಗಳ ನಡುವಿನ ಬಿಡುವಿನಲ್ಲಿ
ಅವನೂ ಒಂದು ಲಾರಿ ಮಾಡುತ್ತಿದ್ದಾನೆ.
ಒಂದೂವರೆಗೆ ಫೋನು:
'ಮಾಸ್ತರ, ಹೆಸರು ಬಂತು, ನೆರಳು ಸೈತ ಇಲ್ಲ.
ಎಲ್ಲೈತಿ ಎಲ್ಲೈತಿ ಅಂತ ನನ್ನನ್ನೇ ಕೇಳಾಕತ್ತೈತಿ.'

ಆ ಸಾಲು ಓದಿಸಿದೆ. ತಪ್ಪು ನನ್ನದೇ.
ದಾರಿಯನ್ನು ನನ್ನ ಮನೆಯಿಂದ ಬರೆದಿದ್ದೆ:
ಡಿ ಡ್ರೈವು, ನನ್ನ ಹೆಸರು, ಹೊಸದು, ಹೊಸದು ಎರಡು.
ಅವನ ಲ್ಯಾಪ್‌ಟಾಪಿಗೆ ಡಿ ಅನ್ನುವುದೇ ಇಲ್ಲ.
ಮೋತಿ ಸರ್ಕಲ್ಲಿನಲ್ಲಿ ದಾರಿ ಕೇಳಿದವನಿಗೆ
ನಮ್ಮ ಅಡಿಗೆಮನೆಯಿಂದ ಎಡಕ್ಕೆ ಅಂದಂತೆ.

'ಡಿಯಿಂದ ಹಿಡಿದು ಅಷ್ಟೂ ಅಳಿಸು' ಅಂದೆ.
'ಜಿಯೋಮೆಟ್ರಿಯಿಂದ ಶುರು ಮಾಡು, ನೀನು ನಿಂತಲ್ಲಿಂದ.'
ಕೀಲಿಮಣೆಯ ಟಕಟಕ. ಹಾರ್ನು.
'ತಡೀರಿ ಮಾಸ್ತರ, ಅದಿರು ಸುರುವಿ ಬಂತೊಂದು ಗಾಡಿ,
ಖಾಲಿ ತೂಕ ಬರಕೊಂಡು ಬರ್ತೀನಿ.'

ಫೋನು ಕಿವಿಗಿಟ್ಟುಕೊಂಡು ಕೂತೆ.
ಆ ಕಡೆ ಬಾಗಿಲು, ಧೂಳಿನ ಕೆಮ್ಮು,
ಯಾರೋ ಸಂಖ್ಯೆ ಹೇಳುತ್ತಿದ್ದರು.

'ಬಂತು' ಅಂದ ಕೊನೆಗೆ. 'ತುಕ್ಕಿಂದು.
ಸೂಜಿಗೆ ಕಣ್ಣು ಸೈತ ಇಟ್ಟೀರಲ್ಲ. ದಾರ ಎಲ್ಲೈತಿ?'

ದಾರ ಬೇರೆ ಫೈಲು.
ಇನ್ನೂ ಮಾಡಿಲ್ಲ.