ಕಂಠಿ ಗಲ್ಲಿಯ ಬಾಗು

ಎತ್ತಿನ ಬಂಡಿ ಹೀಗೆ ತಿರುಗುವುದಿಲ್ಲ.
ಮೂಲೆ ಬಂತೆಂದರೆ ಬಂಡಿ ಗಕ್ಕನೆ ಹೊರಳುತ್ತದೆ,
ಕಡಾಣಿ ಉಜ್ಜಿ ಗೋಡೆಗಲ್ಲಿಗೆ ಗೆರೆ ಬೀಳುತ್ತದೆ.
ಕಾಲ್ನಡಿಗೆಯವರಂತೂ ಅಡ್ಡ ಹಾದು
ಒಳದಾರಿ ಮಾಡಿಕೊಳ್ಳುತ್ತಾರೆ.
ಆದರೆ ರಾಯಚೂರು ಸ್ಟೇಷನ್ನಿನ ಹಿಂದೆ
ಕಂಠಿ ಗಲ್ಲಿ
ತುಂಬಿದ ಕೊಡ ಹೊತ್ತವಳು ತಿರುಗಿದಂತೆ
ಸಾವಕಾಶ, ನಲವತ್ತು ಮನೆಗಳುದ್ದ ಬಾಗುತ್ತದೆ.

ನಾನು ನಗರ ಮಾಪನ ಕಚೇರಿಯಲ್ಲಿ ಗೆರೆ ಎಳೆಯುವವಳು.
ಹನ್ನೊಂದು ವರ್ಷ ಈ ಬಾಗನ್ನು ಎಳೆದೆಳೆದು
ಮೊಣಕೈಗೇ ಅದರ ಅಭ್ಯಾಸ.
ಯಾಕೆ ಅಂತ ಕೇಳಿರಲಿಲ್ಲ.

ಈ ಬೇಸಿಗೆ, ಕಬ್ಬಿಣದ ಕಪಾಟು ಸರಿಸುವಾಗ
ಹಿಂದಿನಿಂದ ಬಿತ್ತು ಒಂದು ನಕ್ಷೆ.
ಬೆನ್ನಿಗೆ ಮಲ್ಲು ಬಟ್ಟೆ, ಅಂಚಿಗೆ ಗೆದ್ದಲು,
ಎಡಕ್ಕೆ ಕಂಪನಿಯ ಇಂಗ್ಲಿಷು, ಬಲಕ್ಕೆ ನಿಜಾಮರ ಉರ್ದು,
ನಡುವೆ ಕೆಂಪು ಗೆರೆ.
ಕದ್ದು ಅದನ್ನು ದಾಟಿದವನನ್ನು
ಈಚೆಯ ಪೊಲೀಸ ಹಿಡಿಯುವಂತಿರಲಿಲ್ಲವಂತೆ.
ಮಡಿಕೆ ಸರಿಯಾಗಿ ನಮ್ಮ ಗಲ್ಲಿಯ ಮೇಲೇ ಬಿದ್ದು
ಶಾಯಿ ಸವೆದುಹೋಗಿತ್ತು.
“ಹಳೇ ಕಾಗದ, ಕಟ್ಟಿಡವಾ,” ಅಂದರು ಸಾಹೇಬರು,
“ಇದರಿಂದ ಯಾವ ತೆರಿಗಿ ಬರತದ?”

ಭೂತಗನ್ನಡಿ, ಕಿಟಕಿಯ ಬೆಳಕು, ತಪ್ಪಿದ ಊಟ.
ಮಡಿಕೆಯೊಳಗೆ ಪುಟ್ಟ ಪುಟ್ಟ ಅಡ್ಡಗೀರು,
ಜರಿಹುಳದ ಕಾಲುಗಳು.
ಹಳಿ!
ಮುಖ್ಯ ಹಳಿಯಿಂದ ಕವಲೊಡೆದು
ಹತ್ತಿ ಒತ್ತುವ ಗಿರಣಿಯ ಬಾಗಿಲ ತನಕ.
ನನ್ನ ಗೆರೆಯನ್ನು ಟ್ರೇಸಿಂಗ್ ಹಾಳೆಯಲ್ಲಿ ಮೇಲಿಟ್ಟೆ.
ಅಂಗೈ ಮೇಲೆ ಅಂಗೈ.

ಚರಂಡಿಗೆ ಅಡ್ಡ ಬಿದ್ದ ಕಬ್ಬಿಣದ ತುಂಡು ನೆನಪಾಯಿತು,
ಗಲ್ಲಿಯ ಎಷ್ಟು ಹುಡುಗರು ಅದರ ಮೇಲೆ ಕೂತು ಬೀಡಿ ಕಲಿತರೋ.

ಉರ್ದು ಓದಿಸಲು ಜಿಲಾನಿ ಮಾಸ್ತರರ ಬಳಿ ಒಯ್ದೆ.
ಕನ್ನಡಕ ಹಣೆಗೇರಿಸಿ, ಹಾಳೆ ಮೂಗಿಗೆ ತಂದು,
“ಕಂಠಿ ಅಲ್ಲವ್ವ, ಕಾಂಟಾ. ಕಾಂಟೇವಾಲೇ ಕೀ ಝೋಪಡಿ.
ಹಳಿ ಬದಲಿಸಾವನ ಗುಡಿಸಲು.”
ನಮಗೆಲ್ಲ ಗೊತ್ತಿದ್ದ ಕತೆ ಬೇರೆ:
ಒಬ್ಬ ಅಕ್ಕಸಾಲಿಗ, ಒಂದು ಬಂಗಾರದ ಕಂಠಿ,
ಅದು ಬಿದ್ದ ಬಾವಿ.
ನಗರಸಭೆ ಬೋರ್ಡಿನ ಮೇಲೆ ಸರವನ್ನೂ ಬರೆಸಿದೆ, ಪದಕ ಸಮೇತ.
ಬಾವಿ ಮಾತ್ರ ನಿಜ. ನಕ್ಷೆಯಲ್ಲಿ ನೀಲಿ ಸೊನ್ನೆ;
ಈಗ ಅದರ ಮೇಲೆ ಜೋಳ ಬೀಸುವ ಗಿರಣಿ ಕೂತಿದೆ.

ಹುಣಸೆ ಮರ ಗುರುತಿಸಿದ್ದಾರೆ, ಎರಡು.
ಕಲ್ಲಿದ್ದಲ ರಾಶಿ, ನೀರಿನ ತೊಟ್ಟಿ, ಮೈಲುಗಲ್ಲು.
ಹಳಿ ಬದಲಿಸಿದವನ ಹೆಸರಿಲ್ಲ.
ಅವನ ಗುಡಿಸಲು ನನ್ನ ಕಿರುಬೆರಳ ಉಗುರಿನ ಕಾಲುಭಾಗ.
ಅದರೊಳಗೇ ಬೇಯಿಸಿದ, ಮಲಗಿದ,
ರಾತ್ರಿ ಎರಡಕ್ಕೆ ಲಾಟೀನು ಹಿಡಿದು ಎದ್ದ.
ಅವನು ಎದ್ದದ್ದಕ್ಕೆ ಖಾಲಿ ಡಬ್ಬಿಗಳು ಗಿರಣಿಗೆ ಹೊರಳಿದವು,
ಮದರಾಸಿಗೆ ಹೋಗಲಿಲ್ಲ.

ಸಂಜೆ ಹಂಪಮ್ಮನ ಮನೆ.
ಅವಳ ಅಡಿಗೆಕೋಣೆ ಕೊಯ್ದ ಕಲ್ಲಂಗಡಿ ಹೋಳು:
ಒಲೆಯ ಕಡೆ ಅಗಲ, ಬಚ್ಚಲ ಕಡೆ ಚೂಪು.
ಮದುವೆಯಾಗಿ ಬಂದಂದಿನಿಂದ ಯಾವ ಕಪಾಟೂ ಗೋಡೆಗೆ ಅಂಟಿಲ್ಲ,
ಸಂದಿಯಲ್ಲಿ ಜಾರಿದ ಚಮಚಗಳೆಲ್ಲ ಅಲ್ಲೇ.
ಮೇಸ್ತ್ರಿ ಕುಡಿದು ಕಟ್ಟಿದ್ದಾನೆಂದು
ಐವತ್ತು ವರ್ಷ ಬೈದಿದ್ದಾಳೆ.
ಹಾಳೆ ಬಿಡಿಸಿ ತೋರಿಸಿದೆ.
ಹಿಟ್ಟಿನ ಬೆರಳಿಟ್ಟಳು; ಹಳಿಯ ಮೇಲೆ ಬಿಳಿ ಮೂಡಿತು.

“ಅಂದ್ರ ಗಾಡಿ ನನ್ನ ಒಲಿ ಬಾಜೂಲಿಂದ ಹೋಗತಿತ್ತೇನ?”
ಹೌದು, ಹತ್ತಿ ತುಂಬಿಕೊಂಡು.
“ಬರೂವಾಗ?”
ಖಾಲಿ.
ರೊಟ್ಟಿ ತಿರುವಿ ಹಾಕಿದಳು.
“ನಮ್ಮ ಮಾವಾನೂ ಹಂಗ ಬರತಿದ್ದ ನೋಡು, ಸಂತಿಂದ.”

ನಕ್ಕೆವು. ಆಮೇಲೆ ಬಟ್ಟೆಯಿಂದ ರೊಟ್ಟಿಯ ಅಂಚು ಒತ್ತುತ್ತ,
ನನಗಲ್ಲ, ಆ ಸೊಟ್ಟ ಗೋಡೆಗೆ:
“ಪಾಪ, ಆ ಮೇಸ್ತ್ರಿ. ಮರಿಬಸ್ಯಾ ಅಂತ ಹೆಸರು.
ಸತ್ತು ಎಷ್ಟ ವರ್ಷ ಆತೋ.
ಅವಗ ಈಗ ಯಾರು ಹೇಳತಾರ?”