ಪಟ್ಟದಕಲ್ಲಿನ ಪಟ್ಟಿ

ನವಿಲುತೀರ್ಥದಾಗ ಗೇಟು ತಗದಾರಂತ
ಡಂಗುರ ಬರೂ ಮೊದಲ ಹೊಳಿ ಬಂತು.
ಟಿಕೀಟು ತಗೀಲಿಲ್ಲ, ಚಪ್ಪಲಿ ಬಿಡಲಿಲ್ಲ,
ಸೀದಾ ಗುಡಿಯೊಳಗ ಹೊಕ್ಕು ಮೂರು ದಿನ ಕುಂತಿತ್ತು.
ಹೋಗೂ ಮುಂದ
ನನ್ನ ಅಂಗಡ್ಯಾಗಿನ ಟೊಪಿಗಿ ಅಷ್ಟೂ ತಾನ ಹಾಕ್ಕೊಂಡು
ನಮಗೂ ಒಂದು ಹಾಕಿ ಹೋತು.

ಕಲ್ಲಿಗೇನ್ರಿ, ಇಂಥಾವು ಎಷ್ಟು ನೋಡೇತಿ.
ಎರಡ ಬಿಸಲಿಗೆ ಒಣಗಿ ಮತ್ತ ಕೆಂಪಗ ನಿಂತತು.
ಒಣಗದ ಉಳದವರು ನಾವು,
ಗುಡಿ ನೋಡಾಕ ಬರವರ ಮಾರಿ ನೋಡಿ ಬದುಕವರು:
ಎಳನೀರು, ಕಬ್ಬಿನಹಾಲು, ಕರೀ ಚಾಳೀಸು,
ಬುಟ್ಟಿ ರೊಟ್ಟಿ, ಕುಡಿಕಿ ಮೊಸರು,
ಒಂದ ಉಸಿರಿನಾಗ ಎಲ್ಲಾ ಚಾಲುಕ್ಯರನ್ನ
ಹುಟ್ಟಿಸಿ, ಪಟ್ಟ ಕಟ್ಟಿ, ಮಣ್ಣ ಮಾಡೂ ಗೈಡ್ ಹುಚ್ಚೇಶ.

ಹೊಲ ಇದ್ದವರಿಗೆ ಪಂಚನಾಮಿ ಆತು, ಎಕರೆಕ್ಕ ಇಷ್ಟಂತ.
ತಲಾಟಿ ನಮ್ಮ ಸಾಲಿಗೆ ಬಂದು ಕೇಳಿದ,
"ನಿಮ್ಮ ಬೆಳಿ ಯಾವುದು?"
ಹುಚ್ಚೇಶ ಅಂದ, "ಮಂದಿ, ಸಾಹೇಬ್ರ. ಬಸ್ಸಿನ ಮಂದಿ.
ದಸರಾ ಸೂಟಿಗೆ ರಾಶಿಗೆ ಬರತಿತ್ತು."
ತಲಾಟಿ ನಗಲಿಲ್ಲ. ಫಾರಮ್ಮು ತಿರುವ್ಯಾಡಿ ನೋಡಿದ.
ಆ ಬೆಳಿಗೆ ಅದರಾಗ ಖಾನೆ ಇರಲಿಲ್ಲ.

ಹಿಂಗಾಗಿ ಪಟ್ಟಿ ಎತ್ತಿದಿವಿ.
ಅರಸರಿಗೆ ಪಟ್ಟ ಕಟ್ಟಿದ ಊರಾಗ
ಪಟ್ಟಿ ಬರಿಯೂ ಕೆಲಸ ನನ್ನ ಕೊಳ್ಳಿಗೆ ಬಿತ್ತು,
ಅಕ್ಷರ ದುಂಡಗ ಅದಾವಂತ.

ಗುಳೇದಗುಡ್ಡದ ಮಗ್ಗದವರು: ಖಣ ಹನ್ನೆರಡು.
ರೊಕ್ಕ ಇಲ್ಲ, ತಪ್ಪ ತಿಳೀಬ್ಯಾಡ್ರಿ ಅಂದ್ರು.
ಬದಾಮಿ ಟಾಂಗಾದ ಗೈಬುಸಾಬ: ಐವತ್ತು.
ಕುದರಿಗೆ ಮೇವಿಲ್ಲ ಅನ್ನೂದು ಬರೀಬ್ಯಾಡ ಅಂದ.
ಬರದೀನಿ.
ಐಹೊಳಿಯವರು: ಜ್ವಾಳ ಎರಡು ಚೀಲ, ಒಂದು ತೊಯ್ದದ್ದು.
ಅವರ ಮನಿಯಾಗೂ ನೀರು ಹೊಕ್ಕಿತ್ತು.
ಬಾಗಲಕೋಟಿಯ ಸಾಹುಕಾರ್ರು ಒಬ್ಬರು: ಐದು ಸಾವಿರ,
ಜೋಡಿಗೆ ತಮ್ಮ ಫೋಟೋದ ಬ್ಯಾನರು, ಹತ್ತು ಫೂಟು.
ಐದು ಸಾವಿರ ವಾರದಾಗ ಕರಗಿತು.
ಬ್ಯಾನರು ಮಾತ್ರ ಯಮನವ್ವನ ಮಾಡಿನ ಮ್ಯಾಲ ಈಗೂ ಐತಿ,
ಒಂದು ಹನಿ ಸೋರವಲ್ದು.
ಮಳಿ ಬಂದಾಗೆಲ್ಲಾ ಸಾಹುಕಾರ್ರು ನಕ್ಕೋತ ತೋಯತಾರ.
ಪುಣ್ಯಾ ಬರಲಿ.

ಒಂದು ಸಂಜಿ ಫೋನಿಗೆ ಏಳು ನೂರು ಬಂತು, ಕಲ್ಕತ್ತಾದಿಂದ.
ಹುಚ್ಚೇಶ ಓದಿ ಹೇಳಿದ: ಹಿಂದಕ ಬಂದಾಗ
ಮೊಸರು ತಿಂದು, ರೊಕ್ಕ ಕೊಡೂದು ಮರತು ಬಸ್ ಹತ್ತಿದ್ನಂತ.
ಯಾರ ಮೊಸರು?
ನಂದ ಅಂದ್ಲು ಬಾಳವ್ವ. ನಂದ ಅಂದ್ಲು ದುರಗವ್ವ.
ಎರಡು ಪುಟ್ಟಿ ಬಡದಾಡಿ, ಕಡೀಕ ಇಬ್ಬರೂ ಅತ್ರು.
ಯಾಕ ಅತ್ರೋ. ಕುಡಿಕಿ ಮುಳುಗಿದಾಗ ಅತ್ತಿರಲಿಲ್ಲ.
"ಮೊಸರಿನ ಬಾಕಿ" ಅಂತ ಜಮಾ ಮಾಡಿದೆ.

ಖರ್ಚಿನ ಕಡೆ ಪುಟ ಲಗೂ ತುಂಬತೈತಿ:
ರೊಟ್ಟಿ ಹಂಚು ಒಂಬತ್ತು. ಕಬ್ಬಿನ ಗಾಣದ ಬೇರಿಂಗು.
ಹುಚ್ಚೇಶನ ಗೈಡಿನ ಕಾರ್ಡಿಗೆ ಪ್ಲಾಸ್ಟಿಕ್ಕು;
ಫೋಟೋದಾಗ ಮಾರಿ ಅಳಿಸಿತ್ತು,
ಹೆಸರು ನೋಡಿ ಇವನ ಇರಬೇಕಂತ ಒಪ್ಪಿದಿವಿ.
ಗೈಬುಸಾಬನ ಕುದರಿಗೆ ಮೇವು: ಐವತ್ತು.
ಅವನಿಗೆ ಹೇಳಿಲ್ಲ.

ಛಟ್ಟಿ ಮುಂದ ಮೊದಲನೇ ಬಸ್ಸು ಬಂತು, ಮೂವತ್ತೆಂಟು ಮಂದಿ.
ಹುಚ್ಚೇಶ ಅರಸರನ್ನ ಶುರು ಮಾಡಿದ.
ಒಂದು ಹುಡಿಗಿ ಗ್ವಾಡಿ ಮ್ಯಾಗಿನ ಕೆಸರಿನ ಗೆರಿ ತೋರಿಸಿ
ಇದು ಯಾರ ಕಾಲದ್ದು ಅಂತ ಕೇಳಿತು.
ಆ ಮಾತಗಾರ ಸುಮ್ಮನ ನಿಂತ. ಆಮ್ಯಾಲ ಅಂದ,
"ನಮ್ಮ ಕಾಲದ್ದವ್ವಾ."
ಎಲ್ಲಾರೂ ಗೆರಿ ಜೋಡಿ ಫೋಟೋ ಹೊಡಸ್ಕೊಂಡ್ರು.
ಇಬ್ಬರು ಟೊಪಿಗಿ ಕೇಳಿದ್ರು. ಇರಲಿಲ್ಲ.

ಇವತ್ತ ಹೊಳಿದಂಡ್ಯಾಗ ಕುಂತು ಲೆಕ್ಕಾ ಮುಗಿಸೇನಿ.
ಉಳಿತಾಯ: ನಲವತ್ತು ರೂಪಾಯಿ, ಒಂದು ಖಣ.
ಹೊಳಿ ಹೆಸರಿಲೆ ಬಾಕಿ: ಟೊಪಿಗಿ, ನೂರಾ ಆರು.
ಈಗ ಮಣಕಾಲ ಮಟ ನೀರು, ಎಮ್ಮಿ ಮೈ ತೊಳಕೊಳ್ಳಾಕತ್ತಾವು.
ಬುಕ್ಕು ತೆರದು ತೋರಿಸಿದೆ.
ಉತ್ತರವಾಹಿನಿ ಅಂತಾರ ಇದಕ್ಕ.
ಒಂದಕ್ಕೂ ಉತ್ತರ ಕೊಡಲಿಲ್ಲ.