ಎರಡೇ ಸೀಟು

ಕೋಡಿಬಾಗದ ಶೆಡ್ಡಿನಲ್ಲಿ ಕೆಂಪು ಕಾರು, ಫಳಫಳ.
ನೇವಿ ಸಾಹೇಬರಿಗೆ ವರ್ಗವಂತೆ, ಅರ್ಜೆಂಟಂತೆ.
ಇನಾಸ ಬಾನೆಟ್ ಎತ್ತಲಿಲ್ಲ.
ಮ್ಯಾಟು ಸರಿಸಿ, ಬೆರಳಲ್ಲಿ ಒರೆಸಿ
ನಾಲಿಗೆಗಿಟ್ಟ:
"ಉಪ್ಪು. ನಿಮಗಿಂತ ಮೊದಲೇ
ಸಮುದ್ರ ಅಡ್ವಾನ್ಸ್ ಕೊಟ್ಟಾಗಿದೆ."

ಅಂಕೋಲೆಯದು ನೀಲಿ. ಮಂಕು. ತಳ ಗಟ್ಟಿ.
ಮಡಚುವ ಟಾಪಿಗೆ ಮಾತ್ರ
ಬಲೆ ಹೆಣೆಯುವ ದಾರದ ಹೊಲಿಗೆ.
"ಮಳೆಗೆ ಸೋರುತ್ತದೆ" ಎಂದಳು ಮಾರುವಾಕೆ,
ಬೆಲೆ ಹೇಳುವ ಮೊದಲು.

ಅದನ್ನೇ ಕೊಂಡೆ.

ಬಿಣಗಾ ಘಟ್ಟ ಏರುವ ಮುನ್ನ ಟಾಪು ಮಡಚಿದೆ.
ಪಕ್ಕದಲ್ಲಿ ಇನಾಸ, ಟೊಪ್ಪಿ ತೊಡೆಸಂದಿಯಲ್ಲಿ ಒತ್ತಿಕೊಂಡು;
ನಲವತ್ತು ವರ್ಷ ಕಂಡವರ ಗಾಡಿಗಳ
ಅಡಿಯಲ್ಲೇ ಅಂಗಾತ ಮಲಗಿದವ
ಕತ್ತೆತ್ತಿ ಮೋಡ ನೋಡುತ್ತ
"ಥರ್ಡ್ ಗೇರಲ್ಲಿ ಏನೋ ಸದ್ದು" ಎಂದ.

ನಿಲ್ಲಿಸು ಅನ್ನಲಿಲ್ಲ.